‘ಸೋ’ ಒಂದೇ ಉಳಿದ ಮನುಷ್ಯ

1997ರಲ್ಲಿ ನಾನು ಅಟ್ಲಾಂಟಾದ ಒಂದು ರಿಹ್ಯಾಬ್ ಆಸ್ಪತ್ರೆಯಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ಸ್ಟ್ರೋಕ್ ಹೊಡೆದವರು, ತಲೆಗೆ ಪೆಟ್ಟು ಬಿದ್ದವರು ದೊಡ್ಡ ಆಸ್ಪತ್ರೆಯಲ್ಲಿ ಜೀವ ಉಳಿಸಿಕೊಂಡ ಮೇಲೆ ನಡೆಯುವುದು, ಉಣ್ಣುವುದು, ಮಾತಾಡುವುದನ್ನು ಮತ್ತೆ ಕಲಿಯಲು ಬರುವ ಜಾಗ ಅದು. ನಡಿಗೆಗೆ ಫಿಸಿಕಲ್ ಥೆರಪಿಸ್ಟ್, ಹಲ್ಲುಜ್ಜಿ ಬಟ್ಟೆ ಹಾಕಿಕೊಳ್ಳುವಂಥ ದಿನದ ಕೆಲಸಗಳಿಗೆ ಒಕ್ಯುಪೇಶನಲ್ ಥೆರಪಿಸ್ಟ್, ಮಾತಿಗೆ ಮತ್ತು ನುಂಗುವುದಕ್ಕೆ ನಾನು. ಆ ಕೆಲಸದಲ್ಲಿ ನನಗೆ ಹದಿನಾಲ್ಕು ವರ್ಷದ ಅನುಭವವಿತ್ತು. ಕನ್ನಡ ಬರುತ್ತಿದ್ದವಳು ಆ ಕಟ್ಟಡದಲ್ಲಿ ನಾನೊಬ್ಬಳೇ, ಆದರೆ ಆ ವರ್ಷದ ಸೆಪ್ಟೆಂಬರ್‌ವರೆಗೆ ಅದು ಯಾರಿಗೂ ಬೇಕಾಗಿರಲಿಲ್ಲ.

ಶ್ರೀಧರ್ ಬಂದದ್ದು ಸೆಪ್ಟೆಂಬರ್ ಎರಡನೇ ವಾರ. ವಯಸ್ಸು ನಲವತ್ನಾಲ್ಕು, ಊರು ಮೈಸೂರು, ಕೆಲಸ ಮೇನ್‌ಫ್ರೇಮ್ ಕಂಪ್ಯೂಟರುಗಳ ಪ್ರೋಗ್ರಾಮಿಂಗ್. ಹೆಂಡತಿ ವಸುಧಾ ಮತ್ತು ಹನ್ನೊಂದು ವರ್ಷದ ಮಗಳು ನಿಧಿಯ ಜೊತೆ ಅಟ್ಲಾಂಟಾ ಹತ್ತಿರದ ಡುಲುತ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದರು. ಆಗಸ್ಟಿನಲ್ಲಿ ಆಫೀಸಿನ ಮೀಟಿಂಗಿನಲ್ಲಿ ಎದ್ದು ನಿಂತು ಏನೋ ವಿವರಿಸುತ್ತಿದ್ದಾಗ ಕುಸಿದಿದ್ದರು. ಮೆದುಳಿನ ಎಡಭಾಗದ ಸ್ಟ್ರೋಕ್. ಬಲಗೈ ಬಲಗಾಲು ಬಿದ್ದುಹೋಗಿದ್ದವು. ಜೊತೆಗೆ ಅಫೇಸಿಯಾ. ಅಂದರೆ ಬುದ್ಧಿ ಇದೆ, ನೆನಪು ಇದೆ, ನಾಲಿಗೆಯೂ ಆಡುತ್ತದೆ. ಹೇಳಬೇಕಾದ ಪದ ಮಾತ್ರ ಕೈಗೆ ಸಿಗುವುದಿಲ್ಲ. ಎದುರಿನವರು ಹೇಳಿದ್ದು ಅವರಿಗೆ ಹೆಚ್ಚು ಕಡಿಮೆ ಎಲ್ಲ ಅರ್ಥವಾಗುತ್ತಿತ್ತು. ಬಾಯಿಂದ ಬರುತ್ತಿದ್ದದ್ದು ಒಂದೇ ಒಂದು ಶಬ್ದ: ‘ಸೋ’.

ಹೆಸರೇನು ಎಂದರೆ ‘ಸೋ’. ನೀರು ಬೇಕೆ ಎಂದರೆ ‘ಸೋ’. ಮಗಳು ಬಂದು ಕೆನ್ನೆಗೆ ಮುತ್ತಿಟ್ಟರೂ ‘ಸೋ’. ಇಂಥ ರೋಗಿಗಳಲ್ಲಿ ಕೆಲವೊಮ್ಮೆ ಹೀಗೆ ಒಂದು ಪದ ಮಾತ್ರ ಉಳಿದುಬಿಡುತ್ತದೆ. ಕೆಲವರಿಗೆ ಬೈಗುಳ, ಕೆಲವರಿಗೆ ದೇವರ ಹೆಸರು. ಯಾಕೆ ಆ ಪದವೇ ಉಳಿಯಿತು ಎಂದು ಯಾರೂ ಖಚಿತವಾಗಿ ಹೇಳಲಾರರು. ವಸುಧಾ ಹೇಳಿದ ಪ್ರಕಾರ ಅವರು ಆಫೀಸಿನ ಫೋನಿನಲ್ಲಿ ಪ್ರತಿ ವಾಕ್ಯವನ್ನೂ ‘ಸೋ’ ಎಂದೇ ಶುರು ಮಾಡುತ್ತಿದ್ದರಂತೆ, ಮನೆಯಲ್ಲೂ ‘ಸೋ, ಇವತ್ತೇನು ಅಡುಗೆ’ ಎನ್ನುತ್ತಿದ್ದರಂತೆ. ನಮ್ಮ ಬೆಂಗಳೂರು ಮೈಸೂರಿನವರ ಕನ್ನಡದಲ್ಲಿ ಆ ಪದ ಬಾಡಿಗೆ ಕೊಡದೆ ಮನೆ ಮಾಡಿಕೊಂಡು ಎಷ್ಟೋ ಕಾಲವಾಗಿದೆ.

ಇಂಗ್ಲಿಷಿನಲ್ಲೂ ಅಷ್ಟು ಸಣ್ಣ ಪದಕ್ಕೆ ಅಷ್ಟು ಕೆಲಸ ಹಚ್ಚಿರುವುದು ವಿಚಿತ್ರವೇ. ‘ಆದ್ದರಿಂದ’ ಎನ್ನುವುದಕ್ಕೂ ಅದೇ, ‘ಅಷ್ಟೊಂದು’ ಎನ್ನುವುದಕ್ಕೂ ಅದೇ, ‘ಹಾಗೇ ಇರಬೇಕು’ ಎನ್ನುವುದಕ್ಕೂ ಅದೇ. ಎರಡು ಸಲ ಹೇಳಿದರೆ ಅಷ್ಟಕ್ಕಷ್ಟೆ. ಮುಂದೆ ‘ವಾಟ್’ ಸೇರಿಸಿದರೆ ಜಗಳ, ‘ಲಾಂಗ್’ ಸೇರಿಸಿದರೆ ವಿದಾಯ. ಮುಂದೇನೂ ಸೇರಿಸದೆ ಹುಬ್ಬು ಎತ್ತಿದರೆ ‘ಆಮೇಲೆ?’ ಎಂಬ ಪ್ರಶ್ನೆ. ಶ್ರೀಧರ್ ಅವರಿಗೆ ಉಳಿದ ಆ ಒಂದು ಪದದ ರಾಗ ಮಾತ್ರ ಸತ್ತಿರಲಿಲ್ಲ. ಎರಡು ವಾರ ಕಿವಿಗೊಟ್ಟು ಕೇಳಿದೆ, ಟೇಪ್ ಮಾಡಿಕೊಂಡು ಮತ್ತೆ ಕೇಳಿದೆ. ಮೇಲಕ್ಕೆ ಎಳೆದು ಬಿಟ್ಟರೆ ‘ಏನು’, ತುಂಡಾಗಿ ಹೇಳಿದರೆ ‘ಬೇಡ’, ಮೂಗಿನಲ್ಲಿ ಎಳೆದರೆ ‘ನೋವು’, ಉಸಿರು ಬಿಟ್ಟು ಹೇಳಿದರೆ ‘ಸಾಕಾಯಿತು’. ನಗುತ್ತ ಹೇಳುವ ಒಂದಿತ್ತು, ಅದು ಮಗಳಿಗೆ ಮಾತ್ರ ಮೀಸಲು. ಒಟ್ಟು ಒಂಬತ್ತು. ಅವನ್ನು ಒಂದು ಹಾಳೆಯಲ್ಲಿ ಬರೆದು ಹಾಸಿಗೆಯ ತಲೆಭಾಗದ ಗೋಡೆಗೆ ಅಂಟಿಸಿ, ನರ್ಸುಗಳಿಗೆಲ್ಲ ಪಾಠ ಹೇಳಿದೆ. ಡಾಕ್ಟರು ಆ ಹಾಳೆಯ ಮುಂದೆ ನಿಂತು ತಲೆದೂಗಿದರು. ಈ ಕೇಸನ್ನು ಮುಂದಿನ ವರ್ಷ ನಮ್ಮ ವೃತ್ತಿಯವರ ಸಮ್ಮೇಳನದಲ್ಲಿ ಮಂಡಿಸಬೇಕೆಂದು ನಾನು ಆಗಲೇ ಮನಸ್ಸಿನಲ್ಲಿ ಸೀರೆ ಕೂಡ ಆರಿಸಿಟ್ಟಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ಮಾತು ಮರಳಿಸಲು ನಾವು ಬಳಸುವ ಒಂದು ದಾರಿಯೆಂದರೆ ಬಾಯಿಪಾಠದ ಮಾತು. ವಾರಗಳ ಹೆಸರು, ತಿಂಗಳುಗಳ ಹೆಸರು, ಎಣಿಕೆ. ಇವು ಬಾಲ್ಯದಲ್ಲಿ ಎಷ್ಟು ಆಳಕ್ಕೆ ಇಳಿದಿರುತ್ತವೆಂದರೆ ಪಕ್ಕದಲ್ಲಿ ಯಾರಾದರೂ ಹೇಳುತ್ತ ಹೋದರೆ ರೋಗಿಯೂ ತನಗೆ ತಿಳಿಯದೆ ಜೊತೆಗೂಡುತ್ತಾನೆ. ಅದನ್ನು ಕಲಿಸಿದವರ ಧ್ವನಿಯಲ್ಲೇ ಹೇಳಿಸಿದರೆ ಇನ್ನೂ ಒಳ್ಳೆಯದೆಂದು ನನಗೆ ಹೊಳೆಯಿತು. ಶ್ರೀಧರ್ ಅವರ ತಾಯಿ ಮೈಸೂರಿನಲ್ಲಿ ಕಿರಿಯ ಮಗ ರಾಘುವಿನ ಮನೆಯಲ್ಲಿದ್ದರು. ಎಪ್ಪತ್ತರ ಹತ್ತಿರದ ವಯಸ್ಸು. ಪ್ರತಿ ಭಾನುವಾರ ಬೆಳಿಗ್ಗೆ ಅವರು ಫೋನ್ ಮಾಡಿದಾಗ ವಸುಧಾ ರಿಸೀವರನ್ನು ಗಂಡನ ಕಿವಿಗೆ ಹಿಡಿಯುತ್ತಿದ್ದಳು. ನಾನು ಕೇಳಿಕೊಂಡ ಮೇಲೆ ಆ ತಾಯಿ ಒಂದು ಕ್ಯಾಸೆಟ್ ತುಂಬ ವಾರ, ತಿಂಗಳು, ಮಗ್ಗಿ, ನೆಂಟರ ಹೆಸರು ಎಲ್ಲ ಹೇಳಿ, ಅಮೆರಿಕಕ್ಕೆ ಬರುತ್ತಿದ್ದ ಯಾರದೋ ಕೈಯಲ್ಲಿ ಕಳಿಸಿಕೊಟ್ಟರು. ನಡುನಡುವೆ ಕೆಮ್ಮುತ್ತ, ‘ಗಟ್ಟಿಯಾಗಿ ಹೇಳು ಕಂದ, ನನಗೆ ಕೇಳಿಸಬೇಕು’ ಎಂದು ಮಗನನ್ನು ಗದರುತ್ತ ಹೇಳಿದ್ದರು.

ಅದು ಫಲ ಕೊಟ್ಟಿತು. ದಿನಾ ಬೆಳಿಗ್ಗೆ ಎಂಟೂವರೆಗೆ ನನ್ನ ಕೋಣೆಯಲ್ಲಿ ಕ್ಯಾಸೆಟ್ ಹಾಕುತ್ತಿದ್ದೆ. ಮೊದಲ ವಾರ ಶ್ರೀಧರ್ ಬರಿದೇ ಕೇಳುತ್ತ ಕಣ್ಣೊರೆಸಿಕೊಂಡರು. ಎರಡನೇ ವಾರ ತುಟಿ ಅಲುಗಿತು. ಅಕ್ಟೋಬರ್ ಮಧ್ಯದ ಹೊತ್ತಿಗೆ ತಾಯಿಯ ಧ್ವನಿಯ ಹಿಂದೆ ಹಿಂದೆ ಭಾನುವಾರದಿಂದ ಗುರುವಾರದವರೆಗೆ ಹೇಳಿದರು. ಪದಗಳ ತುದಿ ಮುರಿದಿದ್ದರೂ ಪದಗಳು ಪದಗಳೇ. ವಸುಧಾ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನಾನೂ ಅತ್ತೆ.

ಆಮೇಲಿನ ವಾರ ಮಂಗಳವಾರ ಮಧ್ಯಾಹ್ನ ವಸುಧಾ ನನ್ನನ್ನು ಕಾರಿಡಾರಿನ ಕೊನೆಗೆ ಕರೆದುಕೊಂಡು ಹೋದಳು. ತಲೆಗೆ ಸ್ನಾನ ಮಾಡಿದ್ದಳು, ಕೂದಲು ಇನ್ನೂ ಒದ್ದೆಯಾಗಿತ್ತು. ಅವಳ ಅತ್ತೆ ಅಂದು ಮೈಸೂರಿನಲ್ಲಿ ತೀರಿಕೊಂಡಿದ್ದರು. ನಿದ್ದೆಯಲ್ಲೇ ಹೃದಯ ನಿಂತಿತ್ತು. ಹಿರಿಯ ಮಗ ಇಲ್ಲಿ ಗಾಲಿಕುರ್ಚಿಯಲ್ಲಿ, ಕರ್ಮ ಮಾಡುವವನು ಅಲ್ಲಿ ಕಿರಿಯ ಮಗ. ಅಣ್ಣನಿಗೆ ಈಗ ಹೇಳಬೇಡಿ, ಇನ್ನೊಂದು ಸ್ಟ್ರೋಕ್ ಆದರೆ ಏನು ಗತಿ ಎಂದು ರಾಘು ಫೋನಿನಲ್ಲಿ ಬೇಡಿಕೊಂಡಿದ್ದನಂತೆ.

“ಮೇಡಂ, ನೀವೇ ಹೇಳಿ. ಹೇಳೋದಾ, ಬೇಡ್ವಾ? ನಂಗೆ ಡಿಸೈಡ್ ಮಾಡಕ್ಕೆ ಆಗ್ತಿಲ್ಲ” ಎಂದಳು.

ನಮ್ಮವರಲ್ಲಿ ಇದು ಹೊಸದಲ್ಲ. ಪರೀಕ್ಷೆಗೆ ಕೂತ ಮಗನಿಗೆ, ಬಸುರಿ ಮಗಳಿಗೆ, ಕಾಯಿಲೆ ಬಿದ್ದವನಿಗೆ ಸಾವಿನ ಸುದ್ದಿ ಮುಟ್ಟಿಸದೆ ಇಡುವುದು ನಮಗೆ ಪ್ರೀತಿಯ ಒಂದು ಬಗೆ. ಆದರೆ ಅವಳು ನನ್ನನ್ನು ನೆಂಟಳೆಂದು ಕೇಳಿದ್ದಲ್ಲ, ಬಿಳಿ ಕೋಟಿನವಳೆಂದು ಕೇಳಿದ್ದಳು. ಡಾಕ್ಟರನ್ನೋ, ಆಸ್ಪತ್ರೆಯ ಸೋಶಿಯಲ್ ವರ್ಕರನ್ನೋ ಕೇಳೋಣ ಎನ್ನಬಹುದಿತ್ತು. ಹಾಗೆ ಕೇಳಿದರೆ ಅವರು ಹೇಳಿಬಿಡಿ ಎನ್ನುತ್ತಾರೆಂದು ನನಗೆ ಗೊತ್ತಿತ್ತು. ಗುರುವಾರದವರೆಗೆ ಬಂದ ಮಾತು ಅಲ್ಲಿಗೇ ನಿಂತುಬಿಟ್ಟರೆ ಎಂಬುದೇ ನನ್ನ ತಲೆಯಲ್ಲಿತ್ತು.

“ಸದ್ಯಕ್ಕೆ ಬೇಡ ವಸುಧಾ. ಇಷ್ಟು ಚೆನ್ನಾಗಿ ಇಂಪ್ರೂವ್ ಆಗ್ತಿದಾರೆ. ಸ್ವಲ್ಪ ದಿನ ಹೋಗಲಿ” ಎಂದೆ.

ಅವಳು ನನ್ನ ಕೈ ಹಿಡಿದುಕೊಂಡಳು. ಭಾನುವಾರ ಫೋನ್ ಬರದಿದ್ದರೆ ಏನೆನ್ನಬೇಕು ಎಂದು ಇಬ್ಬರೂ ಅಲ್ಲೇ ನಿಂತು ಗೊತ್ತು ಮಾಡಿಕೊಂಡೆವು. ಅಮ್ಮ ನಂಜನಗೂಡಿನಲ್ಲಿ ನೆಂಟರ ಮನೆಗೆ ಹೋಗಿದ್ದಾರೆ ಎಂಬ ಸುಳ್ಳು ನನ್ನದೇ ಸಲಹೆ. ನಿಧಿಗೂ ಹೇಳುವುದು ಬೇಡವೆಂದೆವು, ಮಗು ಬಾಯಿ ಬಿಟ್ಟೀತು ಎಂದು. ಟೀಮಿನಲ್ಲಿ ಯಾರಿಗೂ ನಾನು ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಕ್ಯಾಸೆಟ್ ಹಾಕಿದಾಗ ಶ್ರೀಧರ್ ತುಟಿ ಬಿಚ್ಚಲಿಲ್ಲ. ಆಯಾಸವಿರಬೇಕೆಂದುಕೊಂಡೆ. ಗುರುವಾರವೂ ಹಾಗೇ. ಬೆಳಗಿನ ತಿಂಡಿಯ ಟ್ರೇ ಮುಟ್ಟಿರಲಿಲ್ಲ, ರಾತ್ರಿಯದೂ ಹಾಗೇ ಹಿಂದಿರುಗಿತ್ತು. ಮಧ್ಯಾಹ್ನ ಮಾತ್ರ ಒಂದಿಷ್ಟು ಅನ್ನ ಮೊಸರು ತಿನ್ನುತ್ತಿದ್ದರು. ಅದೇ ಗುರುವಾರ ಬೆಳಗಿನ ಪಾಳಿಯ ನರ್ಸ್ ಅವರನ್ನು ನೆಲದ ಮೇಲೆ ಕಂಡಳು. ಹಾಸಿಗೆಯಿಂದ ಬಿದ್ದರೆಂದು ಗಾಬರಿಯಾಗಿ ಎಕ್ಸ್‌ರೇ ತೆಗೆಸಿದರು. ಏನೂ ಆಗಿರಲಿಲ್ಲ.

ಪ್ರತಿ ಶುಕ್ರವಾರ ಟೀಮ್ ಕಾನ್ಫರೆನ್ಸ್ ನಡೆಯುತ್ತಿತ್ತು. ಡಾಕ್ಟರು, ನರ್ಸು, ಥೆರಪಿಸ್ಟರು ಒಂದೇ ಮೇಜಿನ ಸುತ್ತ ಕುಳಿತು ಒಬ್ಬೊಬ್ಬ ರೋಗಿಯ ಪ್ರಗತಿ ನೋಡುವ ಸಭೆ ಅದು. ರಿಹ್ಯಾಬಿನ ಕಾನೂನು ಕಟುವಾದದ್ದು. ಮುಂದಕ್ಕೆ ಹೋಗುತ್ತಿರುವ ರೋಗಿಗೆ ಮಾತ್ರ ಅಲ್ಲಿ ಹಾಸಿಗೆ. ಎರಡು ವಾರ ಸತತವಾಗಿ ಹಿಂದೆ ಬಿದ್ದರೆ ನರ್ಸಿಂಗ್ ಹೋಮಿಗೆ ಕಳಿಸುತ್ತಿದ್ದರು. ಅಲ್ಲಿ ಹೊಟ್ಟೆಗೆ ಬಟ್ಟೆಗೆ ತೊಂದರೆಯಿಲ್ಲ, ಆದರೆ ದಿನಕ್ಕೆ ಮೂರು ಗಂಟೆಯ ಥೆರಪಿ ಇರುವುದಿಲ್ಲ. ಅಫೇಸಿಯಾದವರಿಗೆ ಮೊದಲ ಕೆಲವು ತಿಂಗಳು ಬಲು ಮುಖ್ಯ. ಆಗ ಕೈತಪ್ಪಿದ ಮಾತು ಆಮೇಲೆ ಸಿಗುವುದು ಕಷ್ಟ. ಶ್ರೀಧರ್ ಉಣ್ಣುತ್ತಿಲ್ಲ, ಬೀಳುತ್ತಿದ್ದಾರೆ, ಯಾವುದಕ್ಕೂ ಸಹಕರಿಸುತ್ತಿಲ್ಲ ಎಂದು ಆ ಶುಕ್ರವಾರ ದಾಖಲಾಯಿತು. ಇನ್ನೊಂದು ವಾರ ನೋಡೋಣ ಎಂದರು ಡಾಕ್ಟರು. ರಾತ್ರಿ ಬೀಳದಂತೆ ಸೊಂಟಕ್ಕೆ ಬೆಲ್ಟ್ ಹಾಕಿ ಹಾಸಿಗೆಗೆ ಕಟ್ಟಲು ಆದೇಶವಾಯಿತು. ಆ ಕಾಲದಲ್ಲಿ ಅದು ಮಾಮೂಲಿ ಕ್ರಮ. ನಾನು ತಲೆ ತಗ್ಗಿಸಿ ನನ್ನ ಟಿಪ್ಪಣಿ ಬರೆಯುತ್ತಿದ್ದೆ.

ಎರಡನೇ ವಾರ ಇನ್ನೂ ಕೆಟ್ಟಿತು. ಸೊಂಟದ ಬೆಲ್ಟನ್ನು ಅವರು ಎಡಗೈಯಿಂದ ಬಿಚ್ಚಿಕೊಂಡು ಇನ್ನೆರಡು ಸಲ ನೆಲ ಸೇರಿದರು. ಚಾರ್ಟಿನಲ್ಲಿ ಈಗ ಮೂರು ‘ಫಾಲ್’. ಬೆಲ್ಟಿನ ಗಂಟನ್ನು ಕೈಗೆ ಸಿಗದಂತೆ ಹಾಸಿಗೆಯ ಅಡಿಗೆ ಒಯ್ದರು. ಶ್ರೀಧರ್ ಶೇವಿಂಗ್ ಕೂಡ ಬಿಟ್ಟಿದ್ದರು. ಅವರ ಒಕ್ಯುಪೇಶನಲ್ ಥೆರಪಿಸ್ಟ್ ಡೆನೀಸ್, ಸೌತ್ ಕ್ಯಾರೊಲೈನಾದವಳು, ಎಂಥ ಮುಖ ಸಿಂಡರಿಸಿದ ರೋಗಿಯನ್ನೂ ಮಾತಾಡಿಸಿ ಕೆಲಸಕ್ಕೆ ಹಚ್ಚುವವಳು. ಎಡಗೈಯಲ್ಲಿ ಶೇವ್ ಮಾಡಿಕೊಳ್ಳುವುದನ್ನು ಅವಳೇ ಕಲಿಸಿದ್ದಳು. ಈಗ ರೇಜರ್ ಕೊಟ್ಟರೆ ಅವರು ತುಂಡಾಗಿ ‘ಸೋ’ ಎಂದು ಪಕ್ಕಕ್ಕೆ ಸರಿಸುತ್ತಿದ್ದರು. ಗಡ್ಡ ಬೆಳೆದು ಮುಖ ಕಪ್ಪಿಟ್ಟಿತು.

ನನ್ನ ಕೋಣೆಯಲ್ಲಿ ನಾನು ಹಟ ಬಿಡಲಿಲ್ಲ. ದಿನಾ ಕ್ಯಾಸೆಟ್ ಹಾಕಿದೆ. ಅವರು ಬಾಯಿ ಬಿಡದಾಗ ವಾಲ್ಯೂಮ್ ಹೆಚ್ಚಿಸಿದೆ. ‘ಹೇಳಿ ಶ್ರೀಧರ್, ಅಮ್ಮ ಕಾಯ್ತಿದಾರೆ’ ಎಂದು ನಗುನಗುತ್ತ ಹುರಿದುಂಬಿಸಿದೆ. ಈ ಮಾತನ್ನು ನಾನೇ ಆಡಿದೆನೆಂದು ಇಪ್ಪತ್ತಕ್ಕೂ ಹೆಚ್ಚು ವರ್ಷದಿಂದ ನನಗೆ ನಾನೇ ಹೇಳಿಕೊಳ್ಳುತ್ತ ಬಂದಿದ್ದೇನೆ. ಆಗ ಅವರು ನನ್ನನ್ನು ನೋಡಿ ಒಂದು ‘ಸೋ’ ಅಂದರು. ತಗ್ಗಿದ ಧ್ವನಿ, ಏರಿಲ್ಲ ಇಳಿವಿಲ್ಲ. ನನ್ನ ಹಾಳೆಯ ಒಂಬತ್ತರಲ್ಲಿ ಅದು ಇರಲಿಲ್ಲ. ಅರ್ಥವಿಲ್ಲದ ಪುನರಾವರ್ತನೆ ಎಂದು ಚಾರ್ಟಿನಲ್ಲಿ ಬರೆದೆ.

ಎರಡನೇ ಗುರುವಾರ ಮಧ್ಯಾಹ್ನ ಡೆನೀಸ್ ನನ್ನ ಬಾಗಿಲಿಗೆ ಬಂದು ಸಂಭ್ರಮದಿಂದ ಕರೆದಳು. ನಿನ್ನ ಶ್ರೀಧರ್ ಇವತ್ತು ತಾವಾಗಿಯೇ ಕೈಸನ್ನೆಯಲ್ಲಿ ರೇಜರ್ ಕೇಳಿ ತೆಗೆದುಕೊಂಡರು, ಗಡ್ಡ ಮಾತ್ರವಲ್ಲ ಮೀಸೆಯನ್ನೂ ಪೂರ್ತಿ ಬೋಳಿಸಿದರು, ಒಂದು ಗಾಯವೂ ಇಲ್ಲ, ನಾಳೆಯ ಸಭೆಯಲ್ಲಿ ಹೇಳಲು ನಮಗೆ ಒಂದಾದರೂ ಸಿಕ್ಕಿತು ಎಂದಳು. ತಲೆಯನ್ನೂ ಬೋಳಿಸಲು ಹೊರಟಿದ್ದರಂತೆ. ಅದು ಬೇಡವೆಂದು ನಗುತ್ತ ರೇಜರ್ ಕಿತ್ತುಕೊಂಡೆ ಎಂದಳು.

ನಾನು ಹೋಗಿ ನೋಡಿದೆ. ಕಿಟಕಿಯ ಹತ್ತಿರ ಗಾಲಿಕುರ್ಚಿಯಲ್ಲಿ ಕೂತಿದ್ದರು. ನೆತ್ತಿಯ ಮುಂಭಾಗದಲ್ಲಿ ಎರಡು ಬೆರಳಗಲ ಕೂದಲು ಹೋಗಿತ್ತು. ಮೀಸೆಯಿಲ್ಲದ ಮೇಲ್ತುಟಿ ಬೆಳ್ಳಗೆ ಕಾಣುತ್ತಿತ್ತು. ನಿಂತಲ್ಲೇ ಬೆರಳು ಮಡಚಿ ಎಣಿಸಿದೆ. ಮಂಗಳವಾರದಿಂದ ಅಂದಿಗೆ ಹತ್ತನೇ ದಿನ.

ನಾವು ಲಿಂಗಾಯತರು. ನಮ್ಮ ಮನೆಯಲ್ಲಿ ಸೂತಕ ಎಂದೂ ಆಚರಿಸಿದ್ದಿಲ್ಲ. ಆದರೆ ನಾನು ಬೆಳೆದ ಬೀದಿಯಲ್ಲಿ ಶ್ರೀಧರ್ ಅವರಂತೆಯೇ ಬ್ರಾಹ್ಮಣರಾಗಿದ್ದ ಪಕ್ಕದ ಮನೆಯವರ ಹಿರಿಯ ಮಗ ತಂದೆ ಸತ್ತಾಗ ಏನು ಮಾಡಿದನೆಂದು ಕಣ್ಣಾರೆ ಕಂಡಿದ್ದೆ. ಹತ್ತು ದಿನ ಒಂದೇ ಹೊತ್ತು ಊಟ. ನೆಲದ ಮೇಲೆ ಮಲಗುವುದು. ಮುಖಕ್ಕೆ ಕತ್ತಿ ತಾಗಿಸುವಂತಿಲ್ಲ. ಹತ್ತನೇ ದಿನ ತಲೆ ಮೀಸೆ ಎರಡೂ ಬೋಳಿಸಿ ಸ್ನಾನ. ನರ್ಸ್ ಸ್ಟೇಶನ್ನಿಗೆ ಹೋಗಿ ಚಾರ್ಟ್ ತೆಗೆದು ಮೊದಲಿನಿಂದ ಓದಿದೆ. ತಿಂಡಿ ನಿರಾಕರಿಸಿದರು. ಮಧ್ಯಾಹ್ನ ಉಂಡರು. ರಾತ್ರಿ ನಿರಾಕರಿಸಿದರು. ನೆಲದ ಮೇಲೆ ಸಿಕ್ಕಿದರು. ಮೂರು ‘ಫಾಲ್’ಗಳಲ್ಲಿ ಎರಡರ ಕೆಳಗೆ ಯಾವಳೋ ಜಾಣ ನರ್ಸ್ ಒಂದು ಸಾಲು ಬರೆದಿದ್ದಳು: ರೋಗಿಯ ಕೆಳಗೆ ಹೊದಿಕೆ ಮಡಚಿ ಹಾಸಿತ್ತು. ಬೀಳುವವನು ಹೊದಿಕೆ ಹಾಸಿಕೊಂಡು ಬೀಳುವುದಿಲ್ಲ. ಅಷ್ಟು ದಿನ ಆ ಸಾಲು ನನ್ನ ಕಣ್ಣೆದುರೇ ಇತ್ತು.

ಬಲಭಾಗ ಬಿದ್ದುಹೋದ ಮನುಷ್ಯ ಎಡಗೈಯೊಂದರಿಂದ ಕಂಬಿ ಹಿಡಿದು ಜಾರಿ ನೆಲಕ್ಕಿಳಿದು ತಾಯಿಗೆ ಸೂತಕ ಹಿಡಿದಿದ್ದ. ನಾವು ಅವನನ್ನು ಹಾಸಿಗೆಗೆ ಕಟ್ಟಿದ್ದೆವು. ಬೆಳಗಾದರೆ ನಾನು ಸತ್ತ ತಾಯಿಯ ಧ್ವನಿ ಹಾಕಿ ಮಾತಾಡು ಎನ್ನುತ್ತಿದ್ದೆ. ನಾನು ಅರ್ಥವಿಲ್ಲದ್ದೆಂದು ಚಾರ್ಟಿನಲ್ಲಿ ಬರೆದ ಆ ‘ಸೋ’ಗೆ ಅಮ್ಮ ಇಲ್ಲ ಎಂಬ ಅರ್ಥವಿತ್ತು. ನಾನು ಹಾಸಿಗೆಬಟ್ಟೆ ಇಡುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ದುಃಖಕ್ಕಿಂತ ಹೆಚ್ಚಾಗಿ ನನ್ನ ಮೇಲೆ ನನಗೆ ಬಂದ ಅಸಹ್ಯಕ್ಕೆ ಅತ್ತೆ.

ಸಂಜೆ ವಸುಧಾ ಬಂದಾಗ ವಿಷಯ ಹೇಳಿದೆ. ಅವಳು ಗೋಡೆಗೆ ಒರಗಿ ಕೂತುಬಿಟ್ಟಳು. ಅವರಿಗೆ ಹೇಗೆ ತಿಳಿಯಿತು, ಯಾರು ಹೇಳಿದರು ಎಂದು ನಾನು ಕೇಳಿದೆ. ಗಂಡ ಆಸ್ಪತ್ರೆ ಸೇರಿದ ದಿನದಿಂದ ಅವಳು ದಿನವೂ ಮನೆಯಲ್ಲಿ ದೇವರ ಪೂಜೆ ಮುಗಿಸಿ ಬಂದು, ಸಣ್ಣ ಭರಣಿಯಿಂದ ಅವರ ಹಣೆಗೆ ಕುಂಕುಮ ಇಡುತ್ತಿದ್ದಳು. ಅತ್ತೆ ಹೋದ ದಿನದಿಂದ ಇಟ್ಟಿರಲಿಲ್ಲ. ಸೂತಕದಲ್ಲಿ ಪೂಜೆಯಿಲ್ಲ, ಆ ಭರಣಿ ಮುಟ್ಟುವಂತಿಲ್ಲ.

“ಬಾಯಿ ಸುಳ್ಳು ಹೇಳ್ತು ಮೇಡಂ, ಕೈಗೆ ಆಗ್ಲಿಲ್ಲ. ಒದ್ದೆ ತಲೇಲಿ ಬಂದಿದ್ದು ನೋಡಿದ್ರು, ಅವತ್ತೇ ಹಣೆ ಮುಂದೆ ಮಾಡಿದ್ರು. ನಾನು ಬೇರೆ ಕಡೆ ನೋಡ್ದೆ” ಎಂದಳು.

ಹಣೆಯನ್ನು ಮುಂದೆ ಚಾಚಿ ಕಾದು, ಕುಂಕುಮ ಬರದಿದ್ದಾಗ ಅವರಿಗೆ ಮನೆಯಲ್ಲಿ ಸಾವಾಗಿದೆಯೆಂದು ತಿಳಿದಿತ್ತು. ಭಾನುವಾರ ಫೋನ್ ಬಾರದಿದ್ದಾಗ ಯಾರದೆಂಬುದು ಖಚಿತವಾಗಿತ್ತು. ಸಾವನ್ನು ಬಾಯಲ್ಲಿ ಮುಚ್ಚಿಟ್ಟು ಆಚಾರದಲ್ಲಿ ಸಾರಿಬಿಡುವ ತಪ್ಪು ನಮ್ಮಂಥವರಲ್ಲದೆ ಬೇರೆ ಯಾರು ಮಾಡಿಯಾರು. ಆದರೆ ವಸುಧಾಳ ಕೈಗೆ ಇದ್ದ ಪ್ರಾಮಾಣಿಕತೆ ನನ್ನ ಹದಿನಾಲ್ಕು ವರ್ಷದ ಅನುಭವಕ್ಕೆ ಇರಲಿಲ್ಲ.

ಮೊದಲು ಅವರಿಗೆ ಹೇಳಬೇಕು, ಆಮೇಲೆ ಉಳಿದದ್ದು ಎಂದು ಇಬ್ಬರೂ ಒಳಗೆ ಹೋದೆವು. ವಸುಧಾ ಅವರ ಮುಂದೆ ಮಂಡಿಯೂರಿ ಕೂತಳು. ನಾನೇ ಹೇಳಿದೆ.

“ಶ್ರೀಧರ್, ನಿಮ್ಮ ತಾಯಿ ತೀರಿಕೊಂಡು ಇವತ್ತಿಗೆ ಹತ್ತು ದಿನ. ನಿದ್ದೇಲಿ ಹೋದ್ರು. ರಾಘು ಎಲ್ಲ ಮಾಡ್ತಿದಾರೆ. ನಿಮಗೆ ಹೇಳೋದು ಬೇಡ ಅಂತ ವಸುಧಾಗೆ ಹೇಳಿದ್ದು ನಾನು.”

ಅವರು ಕೇಳಿಸಿಕೊಂಡರು. ಕಣ್ಣಲ್ಲಿ ನೀರು ಬರಲಿಲ್ಲ, ಅದೆಲ್ಲ ಒಬ್ಬರೇ ಅತ್ತು ಮುಗಿದಿತ್ತೆಂದು ಕಾಣುತ್ತದೆ. ಮಂಡಿಯೂರಿ ಕೂತಿದ್ದ ವಸುಧಾಳ ತಲೆಯ ಮೇಲೆ ಎಡಗೈ ಇಟ್ಟರು. ಅವಳು ಅವರ ತೊಡೆಗೆ ಮುಖ ಒತ್ತಿ ಅಳುತ್ತಿದ್ದಳು. ನನ್ನ ಕಡೆ ಅವರು ನೋಡಲಿಲ್ಲ.

ಶುಕ್ರವಾರದ ಸಭೆಯಲ್ಲಿ ನರ್ಸಿಂಗ್ ಹೋಮಿನ ಕಾಗದ ಸಿದ್ಧವಾಗಿತ್ತು. ನನ್ನ ಸರದಿ ಬರುವ ಮೊದಲೇ ನಾನು ಮಾತಾಡಿದೆ. ಈ ರೋಗಿ ಕುಸಿಯುತ್ತಿಲ್ಲ, ಹತ್ತು ದಿನದ ಲೆಕ್ಕ ತಪ್ಪದೆ ಇಟ್ಟು, ತನ್ನ ಪದ್ಧತಿಯ ಪ್ರತಿಯೊಂದು ನಿಯಮವನ್ನೂ ಒಂದು ಕೈಯಲ್ಲಿ ನಡೆಸಿದ್ದಾನೆ, ಇದಕ್ಕಿಂತ ಹೆಚ್ಚಿನ ಪ್ರಗತಿ ಈ ಮೇಜಿನ ಮೇಲೆ ಯಾವ ಚಾರ್ಟಿನಲ್ಲೂ ಇಲ್ಲ ಎಂದೆ. ಊಟ, ನೆಲ, ಹೊದಿಕೆ, ರೇಜರ್ ಒಂದೊಂದನ್ನೂ ವಿವರಿಸಿದೆ. ಡೆನೀಸ್ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಡಾಕ್ಟರು ಸೌಮ್ಯ ಮನುಷ್ಯ. ತಾಯಿ ಸತ್ತದ್ದು ಈ ಆಸ್ಪತ್ರೆಯಲ್ಲಿ ಯಾರಿಗೆ ಗೊತ್ತಿತ್ತು ಎಂದಷ್ಟೇ ಕೇಳಿದರು. ನನಗೆ, ಮೊದಲ ದಿನದಿಂದ ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನನ್ನ ಹೆಸರಿನಲ್ಲಿ ಒಂದು ಎಚ್ಚರಿಕೆಯ ಪತ್ರ ದಾಖಲೆಗೆ ಸೇರಿತು. ಸೇರಬೇಕಾದದ್ದೇ. ಶ್ರೀಧರ್ ಅವರ ಬೆಲ್ಟ್ ಅಂದೇ ಬಿಚ್ಚಿದರು, ನರ್ಸಿಂಗ್ ಹೋಮಿನ ಕಾಗದ ಹರಿದರು. ಮಧ್ಯಾಹ್ನ ಡೆನೀಸ್ ತಾನಾಗಿ ರೇಜರ್ ತೆಗೆದುಕೊಂಡು ಹೋಗಿ, ಕ್ಷಮೆ ಕೇಳಿ, ತಲೆ ಪೂರ್ತಿ ಬೋಳಿಸಲು ಅವರ ಕೈಗೆ ಕೈ ಕೊಟ್ಟಳು.

ಅವರ ಹಾಸಿಗೆ ಉಳಿಯಿತು. ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೇನೋ.

ಸೋಮವಾರ ಎಂಟೂವರೆಗೆ ಸಹಾಯಕಿ ಅವರನ್ನು ನನ್ನ ಕೋಣೆಗೆ ತಳ್ಳಿಕೊಂಡು ಬಂದಳು. ಬಾಗಿಲ ಹತ್ತಿರ ಶ್ರೀಧರ್ ಗಾಲಿಕುರ್ಚಿಯ ಬ್ರೇಕ್ ಎಳೆದರು. ಅವಳು ಬಿಡಿಸಿದಳು, ಅವರು ಮತ್ತೆ ಎಳೆದರು. ನಾನು ಎದ್ದು ಹೋಗಿ ಎದುರು ಕೂತು, ಕ್ಯಾಸೆಟ್ ಇನ್ನು ಹಾಕುವುದಿಲ್ಲ, ನಿಮಗೆ ಬೇಕಾದಾಗ ಬೇಕಾದಷ್ಟೇ ಮಾಡೋಣ, ತಪ್ಪಾಯಿತು ಎಂದೆ. ಅವರು ಗೋಡೆಯ ಕಡೆ ನೋಡುತ್ತಿದ್ದರು. ಕೋಪವಿರಲಿಲ್ಲ. ಕೋಪವಿದ್ದರೆ ತುಂಡಾಗಿ ‘ಸೋ’ ಬರುತ್ತಿತ್ತು. ಆ ಒಂದು ಪದವನ್ನೂ ಅವರು ನನಗೆ ಕೊಡಲಿಲ್ಲ. ಮಂಗಳವಾರವೂ ಹಾಗೇ, ಬುಧವಾರವೂ ಹಾಗೇ. ಗುರುವಾರ ನಾನೇ ಡಾಕ್ಟರ ಬಳಿ ಹೋಗಿ ಕೇಸು ಬಿಟ್ಟುಕೊಟ್ಟೆ.

ನನ್ನ ಜಾಗಕ್ಕೆ ಬಂದವಳು ಕ್ಯಾರನ್ ಎಂಬ ನಾರ್ತ್ ಕ್ಯಾರೊಲೈನಾದ ಹುಡುಗಿ. ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗಿರಲಿಲ್ಲ, ತಾಳ್ಮೆ ಬೆಟ್ಟದಷ್ಟಿತ್ತು. ಅವಳಿಗೆ ಬರುತ್ತಿದ್ದದ್ದು ಇಂಗ್ಲಿಷ್ ಮಾತ್ರ. ಆರು ವಾರದಲ್ಲಿ ಶ್ರೀಧರ್ ನೀರು ಕೇಳಿದರು, ಹೊದಿಕೆ ಕೇಳಿದರು, ಥ್ಯಾಂಕ್ಸ್ ಎಂದರು. ಎಲ್ಲ ಇಂಗ್ಲಿಷಿನಲ್ಲಿ. ಕಾರಿಡಾರಿನಲ್ಲಿ ಅವರ ಧ್ವನಿ ಕೇಳಿದಾಗಲೆಲ್ಲ ನಾನು ನಿಂತು ಕೇಳಿಸಿಕೊಳ್ಳುತ್ತಿದ್ದೆ, ಅವರು ಕಾಣುವಷ್ಟರಲ್ಲಿ ಹೊರಟುಬಿಡುತ್ತಿದ್ದೆ. ಒಂದು ದಿನ ವಸುಧಾ ನನ್ನನ್ನು ಹುಡುಕಿಕೊಂಡು ಬಂದು, ನಾನೂ ಮುಚ್ಚಿಟ್ಟೆ ಮೇಡಂ, ನನ್ನ ಮೇಲೆ ಅವರಿಗೆ ಸಿಟ್ಟಿಲ್ಲ, ನಿಮ್ಮ ಮೇಲೆ ಯಾಕೆ ಎಂದು ಕೇಳಿದಳು. ನೀನು ಅವರ ಜೊತೆ ಸೂತಕ ಹಿಡಿದೆ, ನಾನು ದಿನಾ ನಗುತ್ತ ಬಂದೆ ಎಂದೆ.

ಅವರು ಮನೆಗೆ ಹೋದ ಮೇಲೆ ಕುಟುಂಬ ನಾರ್ತ್ ಕ್ಯಾರೊಲೈನಾದ ಶಾರ್ಲೆಟ್‌ಗೆ, ವಸುಧಾಳ ಚಿಕ್ಕಪ್ಪನ ಮಗನ ಮನೆಯ ಹತ್ತಿರಕ್ಕೆ ಹೋಯಿತು. ಒಂದು ವರ್ಷದ ಮೇಲೆ ನಾನು ಧೈರ್ಯ ಮಾಡಿ ಫೋನ್ ಮಾಡಿದೆ. ನಿಧಿ ಎತ್ತಿಕೊಂಡಳು. ಅಪ್ಪ ಹೇಗಿದ್ದಾರೆ ಎಂದು ಕೇಳಿದೆ.

“ಅಪ್ಪ ಚೆನ್ನಾಗಿದಾರೆ ಆಂಟಿ. ಹಿ ಟಾಕ್ಸ್ ನೌ. ನನ್ನ ಜೊತೆ ಮಾತಾಡ್ತಾರೆ, ಇಂಗ್ಲಿಷಲ್ಲಿ. ಅಮ್ಮನ ಜೊತೆ ಕನ್ನಡ ಬರಲ್ಲ ಅವ್ರಿಗೆ. ಅಮ್ಮ ಸ್ವಲ್ಪ ಅಳ್ತಾಳೆ. ಡು ಯು ವಾಂಟ್ ಟು ಟಾಕ್ ಟು ಹಿಮ್?”

ಬೇಡ ಕಣಮ್ಮ, ಕೇಳಿದೆ ಅಂತ ಹೇಳು ಎಂದು ಫೋನ್ ಇಟ್ಟೆ. ಭಾನುವಾರದಿಂದ ಗುರುವಾರದವರೆಗೆ ಬಂದಿದ್ದ ಕನ್ನಡವನ್ನು ಮುಂದಕ್ಕೆ ನಡೆಸಬಲ್ಲವಳು ಆ ಊರಿನಲ್ಲಿ ನಾನೊಬ್ಬಳೇ ಇದ್ದೆ. ಆ ದಾರಿಯನ್ನು ಮುಚ್ಚಿದ್ದು ಸ್ಟ್ರೋಕ್ ಅಲ್ಲ. ಸಮ್ಮೇಳನದಲ್ಲಿ ನಾನು ಆ ಕೇಸನ್ನು ಮಂಡಿಸಲಿಲ್ಲ.

ಇದಾದ ಮೇಲೆ ಹದಿನೇಳು ವರ್ಷ ಕೆಲಸ ಮಾಡಿ ನಿವೃತ್ತಳಾದೆ. ಮಾತು ಕಳೆದುಕೊಂಡವರ ಬಾಯಿಂದ ಏನು ಬರುತ್ತದೆ ಎಂದು ಅಳೆಯುವುದೇ ನನ್ನ ವಿದ್ಯೆಯೆಂದು ತಿಳಿದಿದ್ದವಳು ನಾನು. ಅವರ ಕಿವಿಗೆ ಏನು ಸಲ್ಲಬೇಕೆಂಬ ಲೆಕ್ಕ ಅದಕ್ಕಿಂತ ಮೊದಲು ಬರುತ್ತದೆ ಎಂದು ಆ ಹತ್ತು ದಿನ ಕಲಿಸಿದವು. ಪ್ರಶ್ನೆ ಕೇಳಲಾರದವನಿಗೆ ಸುಳ್ಳು ಹೇಳುವುದು ಬಹಳ ಸುಲಭ, ಅದಕ್ಕೇ ಅದು ಅಷ್ಟು ನೀಚ. ಆಮೇಲೆ ಬಂದ ಪ್ರತಿ ರೋಗಿಯ ಮನೆಯವರಿಗೂ, ಅಮೆರಿಕದವರಿರಲಿ ನಮ್ಮವರಿರಲಿ, ಮೊದಲ ಭೇಟಿಯಲ್ಲೇ ಹೇಳುತ್ತಿದ್ದೆ: ನನಗೆ ನೀವು ಏನು ಹೇಳುತ್ತೀರೋ ಅದು ಇವರಿಗೂ ತಿಳಿಯುತ್ತದೆ, ಅದಕ್ಕೆ ಒಪ್ಪಿಗೆಯಿದ್ದರೆ ಮಾತ್ರ ನನಗೆ ಹೇಳಿ. ಕೆಲವರು ಕೋಪಿಸಿಕೊಂಡರು, ಒಂದಿಬ್ಬರು ಬೇರೆ ಥೆರಪಿಸ್ಟರನ್ನು ಕೇಳಿ ಹೋದರು. ನಾನು ಹೇಳುವುದನ್ನು ಬಿಡಲಿಲ್ಲ. ಹೇಳುವಾಗ ಮನೆಯವರ ಮುಖ ನೋಡುತ್ತಿರಲಿಲ್ಲ, ಹಾಸಿಗೆಯಲ್ಲಿದ್ದವರ ಮುಖವನ್ನೇ ನೋಡುತ್ತಿದ್ದೆ.